ಶಸ್ತ್ರಚಿಕಿತ್ಸಾ ಸುರಕ್ಷತಾ ಪರಿಶೀಲನಾ ಪಟ್ಟಿ

ಶಸ್ತ್ರಚಿಕಿತ್ಸಾ ಸುರಕ್ಷತಾ ಪರಿಶೀಲನಾ ಪಟ್ಟಿಯು ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ 19 ಅಂಶಗಳ ಪಟ್ಟಿಯಾಗಿದೆ. ನುರಿತ ವೈದ್ಯರೂ ಮರೆಯಬಹುದು. ಆದ್ದರಿಂದ ಸುರಕ್ಷತೆಯನ್ನು ವ್ಯಕ್ತಿಯ ನೆನಪಿಗೆ ಬಿಡದೆ ಕಾರ್ಯವಿಧಾನದಲ್ಲಿಯೇ ಅಳವಡಿಸಬೇಕೆಂಬುದು ಇದರ ಮೂಲತತ್ತ್ವ.

ಹಂತಗಳು

ಅರಿವಳಿಕೆ ನೀಡುವ ಮೊದಲು ರೋಗಿಯ ಗುರುತು, ಶಸ್ತ್ರಚಿಕಿತ್ಸೆ ನಡೆಯಬೇಕಾದ ಭಾಗ ಹಾಗೂ ಅಲರ್ಜಿಗಳನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ಚರ್ಮವನ್ನು ಕೊಯ್ಯುವ ಮುನ್ನ ತಂಡದವರೆಲ್ಲರೂ ತಮ್ಮ ಹೆಸರು ಮತ್ತು ಹೊಣೆಯನ್ನು ಹೇಳುತ್ತಾರೆ. ಕಿರಿಯರೂ ಸಂದೇಹವನ್ನು ವ್ಯಕ್ತಪಡಿಸಲು ಇದು ಅವಕಾಶ ಕಲ್ಪಿಸುತ್ತದೆ. ರೋಗಿಯನ್ನು ಹೊರಗೆ ಒಯ್ಯುವ ಮೊದಲು ಉಪಕರಣ, ಸೂಜಿ ಮತ್ತು ರಕ್ತ ಒರೆಸುವ ಬಟ್ಟೆಗಳ ಲೆಕ್ಕವನ್ನು ಸರಿನೋಡಲಾಗುತ್ತದೆ.

ಪರಿಣಾಮ

ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರಣ ಪ್ರಮಾಣವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳ ಕುರಿತ 2014ರ ಅಧ್ಯಯನದಲ್ಲಿ ಗಣನೀಯ ಇಳಿಕೆ ಕಂಡುಬರಲಿಲ್ಲ. ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ ಉತ್ತರಕ್ಕೆ ಕಾಯದೆ, ಹಾಳೆಯ ಮೇಲೆ ಗುರುತು ಹಾಕಿದ ಮಾತ್ರಕ್ಕೆ ಪಟ್ಟಿಯ ಉದ್ದೇಶ ಈಡೇರದು.