ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುವುದೇ?

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಹೋದರೆ ಅಲ್ಲಿಯೂ ಇದೇ ಗಾದೆ. 'ವಿಳೆಯುಂ ಪಯಿರ್ ಮುಳೆಯಿಲೇ ತೆರಿಯುಂ' ಎನ್ನುತ್ತಾರೆ ತಮಿಳರು. ನಮ್ಮ ಕೊಳ್ಳೇಗಾಲ ತಾಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಇಂದಿಗೂ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ ಮಾತನಾಡುವ ಕುಟುಂಬಗಳು ಸಾಕಷ್ಟಿವೆ. ಹಾಗಾಗಿ ಗಾದೆ ಎರಡೂ ಕಡೆ ಒಂದೇ ಆಗಿರುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಈ ಗಾದೆ ಮಕ್ಕಳ ವಿಷಯದಲ್ಲಿ ಎಷ್ಟರ ಮಟ್ಟಿಗೆ ನಿಜ?

ಈ ಪ್ರಶ್ನೆಗೆ ಕಾರಣವಿದೆ. ಇಂದು ಬೆಂಗಳೂರಾಗಲಿ, ಮೈಸೂರಾಗಲಿ, ಕೊಯಮತ್ತೂರಾಗಲಿ, ಆಟದ ತರಬೇತಿ ಶಿಬಿರಗಳಲ್ಲಿ ಮಕ್ಕಳನ್ನು ಹನ್ನೆರಡು, ಹದಿನಾಲ್ಕು ವರ್ಷಕ್ಕೇ ತೂಗಿ ನೋಡಲಾಗುತ್ತಿದೆ. "ನಿಮ್ಮ ಹುಡುಗ ಮೇಲೆ ಬರುತ್ತಾನೆ" ಎಂದು ಒಬ್ಬರಿಗೆ ಹೇಳುತ್ತಾರೆ. "ಇವನಿಂದ ಆಗದು" ಎಂದು ಇನ್ನೊಬ್ಬರಿಗೆ ಹೇಳುತ್ತಾರೆ. ಮೊದಲ ಮಾತು ಕೇಳಿದ ತಂದೆ-ತಾಯಿ ಸಾಲ ಮಾಡುತ್ತಾರೆ, ಮಗನ ಓದನ್ನು ಬದಿಗಿಡುತ್ತಾರೆ. ಎರಡನೆಯ ಮಾತು ಕೇಳಿದವರು ಮಗುವಿನ ಕೈಯಿಂದ ಬ್ಯಾಟು, ಚೆಂಡು ಕಿತ್ತುಕೊಳ್ಳುತ್ತಾರೆ. ಹದಿಹರೆಯದಲ್ಲಿ ಕೊಟ್ಟ ಅಂಕ ಮುಂದೆ ನಿಜವಾಗುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಕ್ಷತ್ರ ಹಚ್ಚುವ ದೇಶ

ಈ ಅಂಕ ಕೊಡುವ ಕೆಲಸವನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಮಾಡುವ ದೇಶ ಅಮೆರಿಕ. ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ವಿಶ್ವವಿದ್ಯಾಲಯಗಳ ನಡುವಿನ ಪಂದ್ಯ ನೋಡಲು ಕೆಲವೆಡೆ ಒಂದು ಲಕ್ಷ ಜನ ಸೇರುತ್ತಾರೆ. ಒಳ್ಳೆಯ ಆಟಗಾರರಿಗೆ ಕಾಲೇಜುಗಳು ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಳ್ಳುತ್ತವೆ. ಆದ್ದರಿಂದ ಹೈಸ್ಕೂಲಿನಲ್ಲಿ ಆಡುವ ಸುಮಾರು ಹತ್ತು ಲಕ್ಷ ಹುಡುಗರಲ್ಲಿ ಯಾರು ಮುಂದೆ ಬರುತ್ತಾರೆ ಎಂದು ಅಳೆದು, ಎರಡರಿಂದ ಐದು ನಕ್ಷತ್ರಗಳವರೆಗೆ ಕೊಡುವುದನ್ನೇ ಉದ್ಯೋಗ ಮಾಡಿಕೊಂಡವರಿದ್ದಾರೆ. ಐದು ನಕ್ಷತ್ರ ವರ್ಷಕ್ಕೆ ಸುಮಾರು ಮೂವತ್ತು ಹುಡುಗರಿಗೆ ಮಾತ್ರ.

ಈ ನಕ್ಷತ್ರಗಳು ಸುಳ್ಳೇ? ಅಲ್ಲ. ಐದು ನಕ್ಷತ್ರ ಪಡೆದವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಮುಂದೆ ವೃತ್ತಿಪರ ತಂಡಗಳಿಗೆ ಆಯ್ಕೆಯಾಗುತ್ತಾರೆ. ಮೂರು ನಕ್ಷತ್ರದವರಲ್ಲಿ ನೂರಕ್ಕೆ ಹತ್ತು ಮಂದಿಯೂ ಆಗುವುದಿಲ್ಲ. ಅಂದರೆ ಅಳೆಯುವವರ ಕಣ್ಣು ಕುರುಡಲ್ಲ.

ಆದರೆ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ಮೂವತ್ತರಲ್ಲಿ ಅರ್ಧವೆಂದರೆ ಹದಿನೈದು. ಮೂರು ನಕ್ಷತ್ರದವರು ವರ್ಷಕ್ಕೆ ಸಾವಿರಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ ಐದಾರು ಮಂದಿ ಗೆದ್ದರೂ ಐವತ್ತು, ಅರವತ್ತು ಆಗುತ್ತದೆ. ಹಾಗಾಗಿ ಮೇಲಿನ ಹಂತದಲ್ಲಿ ಆಡುವವರಲ್ಲಿ ಹೆಚ್ಚಿನವರು ಹದಿನೇಳರ ವಯಸ್ಸಿನಲ್ಲಿ ಯಾರೂ ದೊಡ್ಡದಾಗಿ ಗುರುತಿಸದೇ ಇದ್ದವರೇ. ಮೂರು ಸಲ ಸೂಪರ್ ಬೌಲ್ ಗೆದ್ದ ಪ್ಯಾಟ್ರಿಕ್ ಮಹೋಮ್ಸ್ ಮೂರು ನಕ್ಷತ್ರದ ಹುಡುಗ. ಕ್ಯಾಲಿಫೋರ್ನಿಯಾದ ರೈತ ಕುಟುಂಬದ ಜಾಶ್ ಅಲೆನ್‌ಗೆ ಹೈಸ್ಕೂಲು ಮುಗಿದಾಗ ಯಾವ ದೊಡ್ಡ ವಿಶ್ವವಿದ್ಯಾಲಯವೂ ವಿದ್ಯಾರ್ಥಿವೇತನ ಕೊಡಲಿಲ್ಲ. ಎರಡು ವರ್ಷದ ಸಣ್ಣ ಕಾಲೇಜಿಗೆ ಸೇರಿ, ತಾನೇ ತರಬೇತುದಾರರಿಗೆಲ್ಲ ಪತ್ರ ಬರೆದು ಅವಕಾಶ ಕೇಳಿದ. 2024ರ ಋತುವಿನಲ್ಲಿ ಆತ ಆ ದೇಶದ ಅತ್ಯಮೂಲ್ಯ ಆಟಗಾರ ಎನಿಸಿದ.

ನಮ್ಮ ಹತ್ತೊಂಬತ್ತರ ತಂಡಗಳು

ನಮ್ಮಲ್ಲಿ ನಕ್ಷತ್ರಗಳಿಲ್ಲ, ಕ್ರಿಕೆಟ್ಟಿನ ಹತ್ತೊಂಬತ್ತು ವಯಸ್ಸಿನೊಳಗಿನ ತಂಡವೇ ನಮ್ಮ ಐದು ನಕ್ಷತ್ರ. 2018ರಲ್ಲಿ ವಿಶ್ವಕಪ್ ಗೆದ್ದ ಆ ತಂಡದ ಹದಿನೈದು ಹುಡುಗರಲ್ಲಿ ಶುಭಮನ್ ಗಿಲ್, ಪೃಥ್ವಿ ಶಾ, ಅಭಿಷೇಕ್ ಶರ್ಮಾ, ಅರ್ಶದೀಪ್ ಸಿಂಗ್, ರಿಯಾನ್ ಪರಾಗ್, ಶಿವಂ ಮಾವಿ ಹೀಗೆ ಆರು ಮಂದಿ ಮುಂದೆ ಭಾರತದ ಹಿರಿಯರ ತಂಡಕ್ಕೆ ಆಡಿದರು. ಹದಿನೈದಕ್ಕೆ ಆರು ಬಹಳ ದೊಡ್ಡ ಫಲ. ಇಡೀ ದೇಶದಲ್ಲಿ ಆಡುವ ಹುಡುಗರ ಲೆಕ್ಕದಲ್ಲಿ ನೋಡಿದರೆ ಲಕ್ಷಕ್ಕೆ ಒಬ್ಬರಿಗೂ ಆ ಭಾಗ್ಯ ಸಿಗುವುದು ಕಷ್ಟ.

ಆದರೂ ಆ ಆರು ಮಂದಿ ಯಾರೆಂದು ಮೊದಲೇ ಹೇಳಬಹುದಿತ್ತೇ? 2008ರ ವಿಶ್ವಕಪ್ ತಂಡದಲ್ಲಿ ವಿರಾಟ್ ಕೊಹ್ಲಿ, ರವೀಂದ್ರ ಜಡೇಜ, ಕರ್ನಾಟಕದ ಮನೀಶ್ ಪಾಂಡೆ ಇದ್ದರು. ಆದರೆ ಆ ಫೈನಲ್‌ನ ಪಂದ್ಯಶ್ರೇಷ್ಠ ಅವರಾರೂ ಅಲ್ಲ, ಅಜಿತೇಶ್ ಅರ್ಗಲ್ ಎಂಬ ಬೌಲರ್. ಅವರು ಭಾರತದ ಹಿರಿಯರ ತಂಡಕ್ಕೆ ಆಡಲೇ ಇಲ್ಲ. ಆದಾಯ ತೆರಿಗೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. 2012ರ ಫೈನಲ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ ಔಟಾಗದೆ 111 ರನ್ ಹೊಡೆದ ನಾಯಕ ಉನ್ಮುಕ್ತ್ ಚಂದ್ ಅವರನ್ನು ಪತ್ರಿಕೆಗಳು ಮುಂದಿನ ಕೊಹ್ಲಿ ಎಂದೇ ಕರೆದವು. ಅವರಿಗೂ ಆ ಅವಕಾಶ ಬರಲಿಲ್ಲ. 2021ರಲ್ಲಿ ಭಾರತದ ಕ್ರಿಕೆಟ್ಟಿಗೆ ವಿದಾಯ ಹೇಳಿ ಅಮೆರಿಕಕ್ಕೆ ಹೋದರು. ಇವರು ಸೋತವರೆಂದು ಹೇಳುತ್ತಿಲ್ಲ. ಹತ್ತೊಂಬತ್ತರ ಅಂಕ ಇಪ್ಪತ್ತೈದರ ಭರವಸೆಯಲ್ಲ ಎಂಬುದಷ್ಟೇ ಇಲ್ಲಿಯ ಮಾತು.

ಕೊಯಮತ್ತೂರು, ತಿರುಪ್ಪೂರಿನ ಪಾಠ

ಈಗ ಘಾಟಿಯ ಕೆಳಗಿನ ಊರುಗಳನ್ನು ನೋಡೋಣ. 2016ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್ ಆರಂಭವಾಯಿತು. ಕೊಯಮತ್ತೂರಿಗೆ 'ಕೋವೈ ಕಿಂಗ್ಸ್' ತಂಡ ಬಂತು. ಬನಿಯನ್ ಉದ್ಯಮಕ್ಕೆ ಹೆಸರಾದ ತಿರುಪ್ಪೂರಿಗೆ ಸ್ವಲ್ಪ ತಡವಾಗಿ 'ತಿರುಪ್ಪೂರ್ ತಮಿಳನ್ಸ್' ಬಂತು; ಆ ತಂಡ 2025ರಲ್ಲಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಕೊಯಮತ್ತೂರಿನ ಶ್ರೀ ರಾಮಕೃಷ್ಣ ಕಾಲೇಜಿನ ಮೈದಾನದಲ್ಲೂ ಪಂದ್ಯಗಳು ನಡೆಯುತ್ತವೆ.

ಚೆನ್ನೈನ ಯುವಕ ಸಾಯಿ ಸುದರ್ಶನ್ 2021ರಲ್ಲಿ ಕೋವೈ ಕಿಂಗ್ಸ್ ಪರ ಆಡಿ ಗಮನ ಸೆಳೆದರು. 2022ರಲ್ಲಿ ಐಪಿಎಲ್‌ನ ಗುಜರಾತ್ ತಂಡ ಅವರನ್ನು ಕೊಂಡದ್ದು 20 ಲಕ್ಷ ರೂಪಾಯಿಗೆ. ಆಗ ಅಲ್ಲಿ ಅದು ಕನಿಷ್ಠ ಬೆಲೆಯಾಗಿತ್ತು. 2023ರ ಆರಂಭದಲ್ಲಿ ತಮಿಳುನಾಡು ಲೀಗ್‌ನ ಮೊದಲ ಹರಾಜು ನಡೆದಾಗ ಕೋವೈ ಕಿಂಗ್ಸ್ ಅವರಿಗೆ 21.6 ಲಕ್ಷ ಕೊಟ್ಟಿತು. ರಾಜ್ಯದ ಸಣ್ಣ ಲೀಗ್ ದೇಶದ ದೊಡ್ಡ ಲೀಗಿಗಿಂತ ಹೆಚ್ಚು ಬೆಲೆ ಕಟ್ಟಿತು! ಆ ವರ್ಷದ ಮೇ ತಿಂಗಳಲ್ಲಿ ಐಪಿಎಲ್ ಫೈನಲ್‌ನಲ್ಲಿ ಅವರು 47 ಎಸೆತಗಳಲ್ಲಿ 96 ರನ್ ಹೊಡೆದರು. 2025ರ ಐಪಿಎಲ್‌ನಲ್ಲಿ 759 ರನ್ ಗಳಿಸಿ ಎಲ್ಲರಿಗಿಂತ ಮುಂದಿದ್ದರು. ಅದೇ ಜೂನ್‌ನಲ್ಲಿ ಭಾರತದ ಟೆಸ್ಟ್ ತಂಡಕ್ಕೆ ಆಡಿದರು. ಹತ್ತಿರದಿಂದ, ಎರಡು ಋತು ನೋಡಿದವರ ಅಂದಾಜು ದೂರದವರ ಅಂದಾಜಿಗಿಂತ ಸರಿಯಾಗಿತ್ತು.

ಹತ್ತಿರದ ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿ ಗ್ರಾಮದ ನಟರಾಜನ್ ಅವರದು ಇನ್ನೂ ದೊಡ್ಡ ಪಾಠ. ನೇಕಾರನ ಮಗ. ಇಪ್ಪತ್ತರ ಹರೆಯದವರೆಗೆ ಆಡಿದ್ದು ಟೆನಿಸ್ ಚೆಂಡಿನಲ್ಲಿ. ಕಿರಿಯರ ಆಯ್ಕೆಗಾರರ ಯಾವ ಪಟ್ಟಿಯಲ್ಲೂ ಅವರಿಗೆ ದೊಡ್ಡ ಸ್ಥಾನವಿರಲಿಲ್ಲ. ರಣಜಿಗೆ ಬಂದ ಹೊಸದರಲ್ಲೇ ಬೌಲಿಂಗ್ ಶೈಲಿಯ ಬಗ್ಗೆ ಆಕ್ಷೇಪ ಬಂತು. ಕುಳಿತು ಅಳಲಿಲ್ಲ, ತಿದ್ದಿಕೊಂಡರು. 2017ರಲ್ಲಿ ಐಪಿಎಲ್ ಹರಾಜಿನಲ್ಲಿ ಅವರಿಗೆ 3 ಕೋಟಿ ಬಂತು. ಮರುವರ್ಷ ಬೆಲೆ 40 ಲಕ್ಷಕ್ಕೆ ಇಳಿಯಿತು. 2020ರ ಡಿಸೆಂಬರಿನಿಂದ 2021ರ ಜನವರಿಯೊಳಗೆ, ಆಸ್ಟ್ರೇಲಿಯದ ಒಂದೇ ಪ್ರವಾಸದಲ್ಲಿ, ಏಕದಿನ, ಟಿ20, ಟೆಸ್ಟ್ ಮೂರರಲ್ಲೂ ಭಾರತದ ಪರ ಮೊದಲ ಪಂದ್ಯ ಆಡಿದರು. ಮನುಷ್ಯ ಒಬ್ಬನೇ, ಅವನಿಗೆ ಕಟ್ಟಿದ ಬೆಲೆ ಮಾತ್ರ ಮೇಲೆ ಕೆಳಗೆ ಓಡಾಡಿತು. ಇಂದು ತಮ್ಮ ಹಳ್ಳಿಯಲ್ಲೇ ಮೈದಾನ ಕಟ್ಟಿಸಿ, ತಮಗೆ ಸಿಗದ ಅವಕಾಶವನ್ನು ಅಲ್ಲಿಯ ಮಕ್ಕಳಿಗೆ ಮಾಡಿಕೊಟ್ಟಿದ್ದಾರೆ.

ಅಳತೆ ತಪ್ಪುವುದೇಕೆ?

ಮೊದಲನೆಯದು, ವಯಸ್ಸು. ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ಒಬ್ಬ ಹನ್ನೊಂದು ತಿಂಗಳು ದೊಡ್ಡವನಿರಬಹುದು. ಹದಿಮೂರರಲ್ಲಿ ಹನ್ನೊಂದು ತಿಂಗಳೆಂದರೆ ಎತ್ತರದಲ್ಲಿ ಎದ್ದು ಕಾಣುವ ವ್ಯತ್ಯಾಸವೂ ಆಗಬಹುದು. ಕೆನಡಾದ ಐಸ್ ಹಾಕಿ ತಂಡಗಳನ್ನು ಪರೀಕ್ಷಿಸಿದ ಸಂಶೋಧಕರು ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂದು 1980ರ ದಶಕದಲ್ಲೇ ತೋರಿಸಿದರು. ಅಲ್ಲಿ ಲೆಕ್ಕ ಆರಂಭವಾಗುವುದು ಜನವರಿ 1ರಿಂದ. ಬೇಗ ಬೆಳೆದ ಮೈಯನ್ನು ಪ್ರತಿಭೆ ಎಂದು ತಿಳಿದುಕೊಳ್ಳುವ ತಪ್ಪು ಎಲ್ಲ ದೇಶಗಳಲ್ಲೂ ಇದೆ.

ಎರಡನೆಯದು, ಅವಕಾಶ. ಆಯ್ಕೆಯಾದ ಹುಡುಗನಿಗೆ ಒಳ್ಳೆಯ ಕೋಚ್, ಒಳ್ಳೆಯ ಮೈದಾನ, ಊಟ, ಪ್ರವಾಸ ಎಲ್ಲವೂ ಸಿಗುತ್ತವೆ. ಬಿಟ್ಟುಹೋದವನು ಸಂಜೆ ಬೀದಿಯಲ್ಲಿ ಆಡುತ್ತಾನೆ. ನಾಲ್ಕು ವರ್ಷದ ನಂತರ ಮೊದಲನೆಯವನೇ ಮುಂದಿದ್ದರೆ "ನಾವು ಹೇಳಿರಲಿಲ್ಲವೇ?" ಎನ್ನುತ್ತೇವೆ. ಒಂದು ಗಿಡಕ್ಕೆ ಮಾತ್ರ ನೀರು ಹಾಕಿ, ಅದೇ ಚೆನ್ನಾಗಿ ಬೆಳೆಯಿತೆಂದು ಹೆಮ್ಮೆಪಟ್ಟ ಹಾಗೆ.

ಮೂರನೆಯದು, ಮನಸ್ಸು. ಓಟದ ವೇಗವನ್ನು ಗಡಿಯಾರ ಅಳೆಯುತ್ತದೆ. ಸೋತ ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಮೈದಾನಕ್ಕೆ ಹೋಗುವ ಛಲವನ್ನು ಒಂದು ದಿನದ ಆಯ್ಕೆ ಶಿಬಿರ ಹೇಗೆ ಅಳೆದೀತು?

ಬೆಂಗಳೂರಿನ ಸಂತ ಜೋಸೆಫರ ಶಾಲೆಯಲ್ಲಿ ಓದಿದ ರಾಹುಲ್ ದ್ರಾವಿಡ್ ಕಿರಿಯರ ತಂಡದ ಕೋಚ್ ಆಗಿದ್ದಾಗ ಇದನ್ನೆಲ್ಲ ಹತ್ತಿರದಿಂದ ಕಂಡವರು. 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಅವರು ಹುಟ್ಟಿದ ದಿನಾಂಕವನ್ನು ತಿದ್ದಿ ಆಡಿಸುವುದು ಮ್ಯಾಚ್ ಫಿಕ್ಸಿಂಗ್‌ಗೆ ಕಡಿಮೆಯದಲ್ಲ ಎಂದು ಎಚ್ಚರಿಸಿದರು. ಹುಡುಗರು ಒಂದೇ ಒಂದು ಕಿರಿಯರ ವಿಶ್ವಕಪ್ ಆಡಿ ಮುಂದೆ ಸಾಗಲಿ ಎಂಬುದೂ ಅವರ ನಿಲುವಾಗಿತ್ತು. ಕಿರಿಯರ ಕಪ್ಪು ದಾರಿಯೇ ಹೊರತು ಊರಲ್ಲ ಎಂಬುದು ಅದರ ಅರ್ಥ.

ಹೆತ್ತವರು ಏನು ಮಾಡಬೇಕು?

ಆಯ್ಕೆಗಾರನಿಗೆ ನೂರು ಹುಡುಗರಲ್ಲಿ ಹದಿನೈದು ಮಂದಿಯನ್ನು ಆರಿಸುವ ಕೆಲಸ. ಅವನ ಅಂದಾಜು ನೂರು ಜನರ ಲೆಕ್ಕದಲ್ಲಿ ಬಹುಮಟ್ಟಿಗೆ ಸರಿಯಾದರೆ ಅವನು ಗೆದ್ದ ಹಾಗೆ. ಆದರೆ ನಮ್ಮ ಮನೆಯಲ್ಲಿ ನೂರು ಮಕ್ಕಳಿಲ್ಲ, ಒಬ್ಬರೋ ಇಬ್ಬರೋ ಇದ್ದಾರೆ. ಗುಂಪಿಗೆ ಸರಿಯಾದ ಲೆಕ್ಕ ಒಂದು ಮಗುವಿನ ಜಾತಕವಾಗಲಾರದು. ಆದ್ದರಿಂದ ಮಗನೋ ಮಗಳೋ ಆಟದಲ್ಲಿ ಆಸಕ್ತಿ ತೋರಿದರೆ ಕೆಲವು ವಿಷಯಗಳನ್ನು ನೆನಪಿಡೋಣ.

ಆಯ್ಕೆಯಾದ ಮಗುವಿನ ಓದನ್ನು ನಿಲ್ಲಿಸಬಾರದು. ಐದು ನಕ್ಷತ್ರದವರಲ್ಲೇ ಅರ್ಧದಷ್ಟು ಜನ ಮೇಲೆ ಹೋಗುವುದಿಲ್ಲ ಎಂದಾದರೆ, ಪಿಯುಸಿ ಅಥವಾ ಡಿಪ್ಲೊಮಾ ಕೈಯಲ್ಲಿರುವುದು ಅವಿಶ್ವಾಸವಲ್ಲ, ವಿವೇಕ. ತಮಿಳುನಾಡಿನವರೇ ಆದ ವರುಣ್ ಚಕ್ರವರ್ತಿ ಆಟ ಬಿಟ್ಟು ವಾಸ್ತುಶಿಲ್ಪ ಓದಿ, ಕೆಲಸ ಮಾಡಿ, ಮತ್ತೆ ಚೆಂಡು ಹಿಡಿದವರು. 2025ರ ಚಾಂಪಿಯನ್ಸ್ ಟ್ರೋಫಿ ಗೆದ್ದ ತಂಡದಲ್ಲಿ ಅವರಿದ್ದರು. ಓದು ಅವರ ದಾರಿಗೆ ಅಡ್ಡ ಬರಲಿಲ್ಲ.

ಆಯ್ಕೆಯಾಗದ ಮಗುವಿನ ಆಟವನ್ನೂ ನಿಲ್ಲಿಸಬಾರದು. ತಡವಾಗಿ ಬೆಳೆಯುವ ಮಕ್ಕಳಿಗೆ ಬೇಕಾದದ್ದು ಇನ್ನೆರಡು ವರ್ಷ, ಒಂದು ಸಣ್ಣ ತಂಡ, ಭಾನುವಾರ ಪೂಜೆ ಮುಗಿದ ಮೇಲೆ ಆಡಲು ಒಂದಿಷ್ಟು ಜಾಗ.

ಕೋಚ್ ಬಳಿ "ಇವನು ಭಾರತಕ್ಕೆ ಆಡುತ್ತಾನಾ ಸಾರ್?" ಎಂದು ಕೇಳಬೇಡಿ. ಅದಕ್ಕೆ ಪ್ರಾಮಾಣಿಕ ಉತ್ತರ ಯಾರ ಬಳಿಯೂ ಇಲ್ಲ. ಖಾತರಿ ಕೊಟ್ಟು ದುಡ್ಡು ಕೇಳುವವರಿಂದ ದೂರವಿರಿ. "ಕಳೆದ ಆರು ತಿಂಗಳಲ್ಲಿ ಏನು ಸುಧಾರಿಸಿದೆ?" ಎಂದು ಕೇಳಿ. ಕೊಯಮತ್ತೂರಿನವರು ಸುದರ್ಶನ್‌ರನ್ನು ಗುರುತಿಸಿದ್ದು ಹೀಗೆಯೇ, ಹತ್ತಿರ ನಿಂತು ಮತ್ತೆ ಮತ್ತೆ ನೋಡಿ.

ಹುಟ್ಟಿದ ದಿನಾಂಕ ತಿದ್ದಲು ಯಾರೇ ಹೇಳಿದರೂ ಒಪ್ಪಬೇಡಿ. ಆ ಒಂದು ಸುಳ್ಳಿನಿಂದ ಸರಿಯಾದ ವಯಸ್ಸಿನ ಇನ್ನೊಬ್ಬ ಹುಡುಗನ ಜಾಗ ಹೋಗುತ್ತದೆ. ನಮ್ಮ ಮಗ ತಂದೆ-ತಾಯಿಯಿಂದಲೇ ಮೋಸವನ್ನು ಕಲಿಯುತ್ತಾನೆ.

ಮೊಳಕೆಯಲ್ಲಿ ಕಾಣುವುದು ಬೀಜಕ್ಕೆ ಜೀವವಿದೆ ಎಂಬುದು ಮಾತ್ರ. ತೆನೆ ಎಷ್ಟು ತೂಗೀತು ಎಂಬುದನ್ನು ಮಳೆ, ಗೊಬ್ಬರ, ಕಳೆ ಕೀಳುವ ಕೈ ಇವೆಲ್ಲ ಸೇರಿ ನಿರ್ಧರಿಸುತ್ತವೆ. ರೈತ ಮೊಳಕೆ ಸಣ್ಣದೆಂದು ಕಿತ್ತು ಎಸೆಯುವುದಿಲ್ಲ, ದೊಡ್ಡದೆಂದು ಸುಗ್ಗಿಯ ಮೊದಲೇ ಸಾಲ ಮಾಡಿ ಹಬ್ಬ ಮಾಡುವುದೂ ಇಲ್ಲ. ಮಕ್ಕಳನ್ನು ಬೆಳೆಸುವ ನಮಗೂ ಅಷ್ಟು ತಾಳ್ಮೆ ಇರಲಿ.