ಕಾವಲು ಬರೀ ಬೀಳಲ್ಲ

ಕಡೂರು ತಾಲ್ಲೂಕಿನ ಬಾಸೂರು ಕಾವಲು ನೋಡಿದ್ದೀರಾ? ಬನ್ನಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಒಂದು ಸುತ್ತು ನಡೆದು ಬರೋಣ. ಬೆಟ್ಟ ಹತ್ತುವ ಕಷ್ಟವಿಲ್ಲ. ಎಲ್ಲಾ ಬಯಲು.

“ಇಲ್ಲೇನಿದೆ? ಬರೀ ಹುಲ್ಲು, ಬೀಳು ನೆಲ” ಅಂತೀರಾ? ಸ್ವಲ್ಪ ನಿಲ್ಲಿ. ಮಾತು ಬೇಡ. ಅಗೋ, ಕೃಷ್ಣಮೃಗಗಳ ಹಿಂಡು! ಕಪ್ಪು ಮೈ, ತಿರುಚಿದ ಕೊಂಬು ಇರುವುದು ಗಂಡು. ಕಂದು ಬಣ್ಣದ್ದು ಹೆಣ್ಣು. ಇಲ್ಲಿ ತೋಳವೂ ಇದೆ. ಕಣ್ಣಿಗೆ ಬೀಳುವುದು ಅಪರೂಪ. ನೆಲ ನೋಡಿ ಹೆಜ್ಜೆ ಇಡಿ. ಗೌಜಲ ಹಕ್ಕಿ ನೆಲದಲ್ಲೇ ಮೊಟ್ಟೆ ಇಡುತ್ತೆ.

ಇಂಥ ಕಾವಲುಗಳನ್ನು ಮೈಸೂರು ಅರಸರು ದನ ಮೇಯಲು ಬಿಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನ್ ಅದನ್ನು ‘ಅಮೃತ ಮಹಲ್’ ಎಂದು ಕರೆದರು. ಇಲ್ಲಿನ ಹುಲ್ಲು ತಿಂದ ಎತ್ತುಗಳು ಯುದ್ಧದಲ್ಲಿ ಫಿರಂಗಿ ಎಳೆದವು.

ಆಮೇಲೆ ಎಷ್ಟೋ ಕಾವಲುಗಳನ್ನು ಉತ್ತು ಹೊಲ ಮಾಡಿದರು. ಕೆಲವು ಕಡೆ ನೀಲಗಿರಿ ನೆಟ್ಟರು. ಹುಲ್ಲು ಹೋಯಿತು. ಹುಲ್ಲಿನ ಜೊತೆ ಜಿಂಕೆ, ಹಕ್ಕಿಯೂ ಹೋದವು. ದನಕ್ಕೆ ಮೇವೂ ಹೋಯಿತು. ಬಾಸೂರು ಕಾವಲು ಉಳಿದಿದೆ. 2011ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶ ಎಂದು ಸಾರಿತು.

ನಿಮ್ಮ ಊರಿನ ಹತ್ತಿರ ಕಾವಲು ಇದೆಯೇ? ಒಂದು ದಿನ ಮಕ್ಕಳ ಜೊತೆ ನಡೆದು ನೋಡಿ. ಆಮೇಲೆ ಹೇಳಿ, ಅದು ಬೀಳೇ?