ಚೀನದ ವರ್ತಕರು ಬರಲಿ, ಆಮೇಲೆ ನೋಡೋಣ

ರೇಷ್ಮೆ ಸಾಲದ ತಕರಾರೊಂದು ರಾಜನವರೆಗೆ ಹೋಗಿತ್ತು. ಅರಮನೆಯಿಂದ ಬಂದ ಅಪ್ಪಣೆ ಚಿಕ್ಕದು: ಸದ್ಯಕ್ಕೆ ಚೀನದಿಂದ ವರ್ತಕರು ಯಾರೂ ಬಂದಿಲ್ಲ, ಈ ಸಾಲದ ವಿಚಾರಣೆ ಈಗ ಬೇಡ. ಅವರು ಬಂದ ಮೇಲೆ ನೋಡಿದರಾಯಿತು. ಒಂಟೆಯ ವಿಷಯವನ್ನು ಮಾತ್ರ ಬಿಡಬೇಡಿ.

ಸುಮಾರು 1,700 ವರ್ಷಗಳ ಹಿಂದೆ ಮರದ ಹಲಗೆಯ ಮೇಲೆ ಬರೆದ ಮಾತಿದು. ತಕ್ಲಮಕಾನ್ ಮರಳುಗಾಡಿನ ದಕ್ಷಿಣದಂಚಿನ ನಿಯಾ ಎಂಬ ಹಾಳೂರಿನಲ್ಲಿ ಸಿಕ್ಕಿದ್ದು. ಆಗ ಆ ಊರಿನ ಹೆಸರು ಚಡೋಟ. ಕ್ರೊರೈನ ರಾಜ್ಯದ ಪಶ್ಚಿಮದ ಗಡಿ, ದಾಟಿದರೆ ಖೋತಾನ್. ಅದಕ್ಕೂ ಮೊದಲಿನ ಚೀನೀ ಇತಿಹಾಸ ಗ್ರಂಥ ‘ಹಾನ್ ಶು’ ಇಲ್ಲಿ 480 ಮನೆ, 3,360 ಜನ, 500 ಯೋಧರು ಎಂದು ಲೆಕ್ಕ ಕೊಡುತ್ತದೆ. ನಮ್ಮ ಒಂದು ದೊಡ್ಡ ಹಳ್ಳಿಯಷ್ಟು.

1901ರಲ್ಲಿ ಪುರಾತತ್ವಜ್ಞ ಆರೆಲ್ ಸ್ಟೈನ್ ಅಲ್ಲಿಗೆ ಹೋದಾಗ ಸ್ಥಳೀಯ ಗಿರಣಿಯವನೊಬ್ಬ ಆಗಲೇ ಕೆಲವು ಹಲಗೆಗಳನ್ನು ತಂದು ಮಕ್ಕಳಿಗೆ ಆಡಲು ಕೊಟ್ಟಿದ್ದ. ಹಲಗೆಗಳ ರಚನೆ ನೋಡಬೇಕು: ಒಂದರ ಮೇಲೊಂದು ಕೂರುವ ಜೋಡಿ, ಬರಹ ಒಳಮೈಯಲ್ಲಿ. ಮೇಲಿನ ಹಲಗೆಯ ಮೂರು ಕಚ್ಚುಗಳಲ್ಲಿ ದಾರ ಬಿಗಿದು, ನಡುವಿನ ಗುಳಿಗೆ ಹಸಿಮಣ್ಣು ತುಂಬಿ ಮುದ್ರೆ ಒತ್ತುತ್ತಿದ್ದರು. ಕೆಲವು ಮುದ್ರೆಗಳಲ್ಲಿ ಗ್ರೀಕರ ದೇವತೆ ಅಥೀನಾ ನಿಂತಿದ್ದಾಳೆ. ಭಾಷೆ ಗಾಂಧಾರದ ಪ್ರಾಕೃತ, ಲಿಪಿ ಖರೋಷ್ಠಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಚಪಡ ತನ್ನ ಹೆಸರಿನ ಮುಂದೆ ‘ಲಿಪಿಕರ’ ಎಂದು ಹಾಕಿಕೊಂಡಿದ್ದು ಇದೇ ಲಿಪಿಯಲ್ಲಿ. ಬಲದಿಂದ ಎಡಕ್ಕೆ ಓಡುವ ಆ ಅಕ್ಷರಗಳು ಬ್ರಹ್ಮಗಿರಿಯ ಬಂಡೆಗೂ ಬಂದಿದ್ದವು, ಚೀನದ ಹೊಸ್ತಿಲಿಗೂ ಹೋಗಿದ್ದವು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ರೇಷ್ಮೆ ದಾರಿ ಎಂದೊಡನೆ ಮುಗಿಯದ ಒಂಟೆಸಾಲು ಕಣ್ಣಿಗೆ ಬರುತ್ತದೆ. ಹಲಗೆಗಳಲ್ಲಿ ಕಾಣುವುದು ಅದಲ್ಲ. ಧಾನ್ಯ, ತುಪ್ಪ, ಮದ್ಯದ ತೆರಿಗೆ ಬಾಕಿ, ಜಮೀನಿನ ಮಾರಾಟ, ಓಡಿಹೋದ ಆಳುಗಳು. ಜೀವಂತ ಮರವನ್ನು ಬುಡಸಹಿತ ಕಡಿದರೆ ಒಂದು ಕುದುರೆ ದಂಡ, ಕೊಂಬೆ ಕಡಿದರೆ ಒಂದು ಹಸು. ದೂರದ ವರ್ತಕರು ಅಪರೂಪದ ಅತಿಥಿಗಳು. ರೇಷ್ಮೆಯ ಬಹುಪಾಲು ಗಡಿಯ ಚೀನೀ ಪಡೆಗಳ ಸಂಬಳ ಮತ್ತು ಖರ್ಚಿಗಾಗಿ ಬರುತ್ತಿತ್ತು. ಅದರ ಸುರುಳಿಯೇ ದುಡ್ಡು. ಹೀಗಾಗಿ ಅಲ್ಲಿನ ಸಂತೆ ನಿಂತಿದ್ದು ಸಾಹಸಿ ವ್ಯಾಪಾರಿಗಳ ಮೇಲಲ್ಲ, ದೂರದ ಸಾಮ್ರಾಜ್ಯದ ಬೊಕ್ಕಸದ ಮೇಲೆ ಎಂದೇ ನಾನು ನಂಬುತ್ತೇನೆ.

ಆ ಬೊಕ್ಕಸ ಬರಿದಾಯಿತು. 4ನೇ ಶತಮಾನದ ಆರಂಭದಲ್ಲಿ ಪಶ್ಚಿಮ ಜಿನ್ ಸಾಮ್ರಾಜ್ಯ ಕುಸಿಯಿತು. ಇದೇ ಕ್ರೊರೈನ ರಾಜ್ಯದ ಲೌಲಾನ್‌ನಲ್ಲಿದ್ದ ಕಾವಲು ಠಾಣ್ಯದ ಚೀನೀ ಪತ್ರಗಳಲ್ಲಿ ಕೊನೆಯ ತಾರೀಖು 330ರದು. ಕುನ್‌ಲುನ್ ಬೆಟ್ಟದಿಂದ ಇಳಿಯುವ ನಿಯಾ ನದಿ ಮರಳಿನಲ್ಲಿ ಇಂಗುತ್ತ ಊರಿಂದ ಹಿಂದೆ ಸರಿದಿದ್ದೂ ನಿಜವೇ. ಆದರೆ ಊರು ಹಾಳಾದದ್ದಕ್ಕೆ ನೀರನ್ನಷ್ಟೇ ದೂರುವುದು ನನಗೆ ಒಪ್ಪಿಗೆಯಿಲ್ಲ. ಸುಪಿ ಜನರ ದಾಳಿ, ಖೋತಾನ್ ಕಡೆಯ ಭಯ ಹಲಗೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕಾಲುವೆಗೆ ಆಳು ಹಚ್ಚುವವರು, ಕಾವಲು ಕೊಡುವವರು ಇಲ್ಲದಿದ್ದರೆ ಇದ್ದ ನೀರೂ ಹೊಲಕ್ಕೆ ಬರುವುದಿಲ್ಲ.

400ರ ಸುಮಾರಿಗೆ ದುನ್‌ಹುವಾಂಗ್‌ನಿಂದ ಹೊರಟ ಚೀನೀ ಬೌದ್ಧ ಯಾತ್ರಿಕ ಫಾಹಿಯಾನ್ 17 ದಿನ ಮರಳುಗಾಡು ದಾಟಿ ಈ ರಾಜ್ಯಕ್ಕೆ ಬಂದ. ದಾರಿ ತೋರಲು ಇದ್ದದ್ದು ಸತ್ತವರ ಎಲುಬು ಮಾತ್ರ ಎಂದು ಬರೆದ. 445ರಲ್ಲಿ ಉತ್ತರ ವೇಯಿ ದೊರೆಗಳು ರಾಜ್ಯವನ್ನೇ ನುಂಗಿದರು.

1906ರಲ್ಲಿ ಸ್ಟೈನ್ ಮತ್ತೆ ಬಂದಾಗ ಒಂದು ದೊಡ್ಡ ಮನೆಯ ನೆಲದಡಿ ಬಚ್ಚಿಟ್ಟ ಹಲಗೆಗಳ ಕಟ್ಟು ಸಿಕ್ಕಿತು. ಸಾಲಪತ್ರ, ಕ್ರಯಪತ್ರಗಳು. ಮನೆಯವನು ಮರಳಿ ಬರುವ ಆಸೆಯಲ್ಲೇ ಹೂತಿಟ್ಟು ಹೋಗಿರಬೇಕು ಎಂದು ಸ್ಟೈನ್ ಊಹಿಸಿದ. ಹಲವು ಹಲಗೆಗಳ ದಾರ ಇನ್ನೂ ಬಿಗಿಯಾಗಿತ್ತು, ಮಣ್ಣಿನ ಮುದ್ರೆ ಒಡೆದಿರಲಿಲ್ಲ.